ಬೆನ್ನುನೋವು, ರಕ್ತಹೀನತೆ, ಮೂತ್ರಪಿಂಡದ ತೊಂದರೆ: ಮಲ್ಟಿಪಲ್ ಮೈಲೋಮಾ ಕುರಿತು ಸದಸ್ಯರು ತಿಳಿದಿರಬೇಕಾದ ಸಂಗತಿಗಳು

ಗ್ರಾಮೀಣ ಭಾಗದಲ್ಲಿ ಬೆನ್ನುನೋವನ್ನು ರೋಗವೆಂದೇ ಪರಿಗಣಿಸುವುದಿಲ್ಲ. ಹೊಲದ ಕೆಲಸ, ನರೇಗಾ ಕಾಮಗಾರಿಯಲ್ಲಿ ಮಣ್ಣಿನ ಪುಟ್ಟಿ ಹೊರುವುದು, ವಯಸ್ಸು ಹೀಗೆ ಕಾರಣಗಳು ಸಿದ್ಧವಾಗಿಯೇ ಇರುತ್ತವೆ. ಬಹುತೇಕ ಸಂದರ್ಭಗಳಲ್ಲಿ ಅವು ಸರಿಯೂ ಆಗಿರುತ್ತವೆ. ಆದರೆ ಐವತ್ತು ದಾಟಿದ ವ್ಯಕ್ತಿಯಲ್ಲಿ ವಾರಗಟ್ಟಲೆ ಬಿಡದ ಬೆನ್ನುನೋವಿನ ಜೊತೆಗೆ ರಕ್ತಹೀನತೆಯೂ ಮೂತ್ರಪಿಂಡದ ದೌರ್ಬಲ್ಯವೂ ಕಾಣಿಸಿಕೊಂಡರೆ, ಆ ಮೂರನ್ನೂ ಬೇರೆ ಬೇರೆ ತೊಂದರೆಗಳೆಂದು ಭಾವಿಸಬಾರದು. ಮೂರರ ಹಿಂದೆಯೂ ಮಲ್ಟಿಪಲ್ ಮೈಲೋಮಾ ಎಂಬ ಒಂದೇ ಕ್ಯಾನ್ಸರ್ ಇರಬಹುದು. ಒಂದು ಪಂಚಾಯತಿ ವ್ಯಾಪ್ತಿಯಲ್ಲಿ ಹಲವು ವರ್ಷಗಳಿಗೊಮ್ಮೆ ಒಂದು ಪ್ರಕರಣ ಕಂಡುಬರಬಹುದಾದಷ್ಟು ಅಪರೂಪದ ರೋಗವಿದು. ಅಪರೂಪವಾದುದರಿಂದಲೇ ತಡವಾಗಿ ಪತ್ತೆಯಾಗುತ್ತದೆ, ಆ ತಡದಲ್ಲಿ ಮೂತ್ರಪಿಂಡಗಳು ಕೆಡುತ್ತವೆ.

ರೋಗದ ಸ್ವರೂಪ

ಮೂಳೆಗಳ ಒಳಗಿನ ಮಜ್ಜೆಯಲ್ಲಿ ರಕ್ತಕಣಗಳು ಉತ್ಪತ್ತಿಯಾಗುತ್ತವೆ. ಅಲ್ಲಿಯೇ ಇರುವ ಪ್ಲಾಸ್ಮಾ ಕೋಶಗಳ ಕೆಲಸ, ಸೋಂಕಿನ ವಿರುದ್ಧ ಹೋರಾಡುವ ಪ್ರತಿಕಾಯಗಳನ್ನು ತಯಾರಿಸುವುದು. ಈ ಕೋಶಗಳಲ್ಲಿ ಒಂದು ಹತೋಟಿ ತಪ್ಪಿ ತನ್ನದೇ ಪ್ರತಿಗಳನ್ನು ಎಡೆಬಿಡದೆ ಹುಟ್ಟಿಸತೊಡಗಿದಾಗ ಮೈಲೋಮಾ ಆರಂಭವಾಗುತ್ತದೆ. ಆ ಕೋಶಗಳೆಲ್ಲ ಒಂದೇ ಬಗೆಯ, ಪ್ರಯೋಜನವಿಲ್ಲದ ಪ್ರೋಟೀನನ್ನು ರಕ್ತಕ್ಕೆ ಸುರಿಯುತ್ತವೆ. ಮಜ್ಜೆಯ ಜಾಗವನ್ನು ಅವೇ ಆಕ್ರಮಿಸುವುದರಿಂದ ಕೆಂಪು ರಕ್ತಕಣಗಳ ಉತ್ಪಾದನೆ ಕುಗ್ಗಿ ರಕ್ತಹೀನತೆ ಉಂಟಾಗುತ್ತದೆ. ಉಪಯುಕ್ತ ಪ್ರತಿಕಾಯಗಳೂ ಕಡಿಮೆಯಾಗಿ ನ್ಯುಮೋನಿಯಾದಂತಹ ಸೋಂಕುಗಳು ಮರುಕಳಿಸುತ್ತವೆ.

ಈ ಪ್ರೋಟೀನಿನ ಸಣ್ಣ ತುಣುಕುಗಳು ಮೂತ್ರಪಿಂಡದ ಸೂಕ್ಷ್ಮ ನಾಳಗಳಲ್ಲಿ ಕಟ್ಟಿಕೊಳ್ಳುತ್ತವೆ. ಗ್ರಾಮದ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಮೆಂಬ್ರೇನ್ ಕಟ್ಟಿಕೊಂಡರೆ ಏನಾಗುತ್ತದೆಂಬುದು ಸದಸ್ಯರಿಗೆ ತಿಳಿದಿದೆ. ವ್ಯತ್ಯಾಸವಿಷ್ಟೆ: ಘಟಕದ ಮೆಂಬ್ರೇನನ್ನು ಬದಲಿಸಬಹುದು. 1845ರಲ್ಲಿ ಲಂಡನ್ನಿನ ವೈದ್ಯ ಹೆನ್ರಿ ಬೆನ್ಸ್ ಜೋನ್ಸ್ ಇಂತಹ ಒಬ್ಬ ರೋಗಿಯ ಮೂತ್ರದಲ್ಲಿ ಈ ಪ್ರೋಟೀನನ್ನು ಗುರುತಿಸಿದರು. ಅದನ್ನು ಇಂದಿಗೂ ಅವರ ಹೆಸರಿನಿಂದಲೇ ಕರೆಯಲಾಗುತ್ತದೆ. ಸಾಮಾನ್ಯ ಮೂತ್ರ ಪರೀಕ್ಷೆಯ ಪಟ್ಟಿಯು ಬೇರೊಂದು ಪ್ರೋಟೀನನ್ನು ಪತ್ತೆಹಚ್ಚುವಂಥದ್ದು. ಇದು ಅದಕ್ಕೆ ಸಿಗದೆ ಹೋಗಬಹುದು.

ಮೂಳೆಯ ವಿಷಯಕ್ಕೆ ಬಂದರೆ, ಆರೋಗ್ಯವಂತ ದೇಹದಲ್ಲಿ ಹಳೆಯ ಮೂಳೆಯನ್ನು ಕೆಲವು ಕೋಶಗಳು ಅಗೆಯುತ್ತಲೂ ಇನ್ನು ಕೆಲವು ತುಂಬುತ್ತಲೂ ಇರುತ್ತವೆ. ಮೈಲೋಮಾದಲ್ಲಿ ಅಗೆಯುವವರ ವೇಗ ಹೆಚ್ಚುತ್ತದೆ, ತುಂಬುವವರು ಕೆಲಸ ನಿಲ್ಲಿಸುತ್ತಾರೆ. ಕೊಳವೆಮಾರ್ಗಕ್ಕಾಗಿ ರಸ್ತೆ ಅಗೆದು ಮುಚ್ಚದೆ ಹೋದ ಗುತ್ತಿಗೆದಾರರನ್ನು ಕಂಡ ಪಂಚಾಯತಿಗಳಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಬೆನ್ನುಮೂಳೆ, ಪಕ್ಕೆಲುಬುಗಳಲ್ಲಿ ರಂಧ್ರಗಳಾಗಿ, ಬಿಂದಿಗೆ ಎತ್ತುವಷ್ಟು ಸಾಮಾನ್ಯ ಕೆಲಸದಲ್ಲಿಯೂ ಮೂಳೆ ಕುಸಿಯಬಹುದು. ಕರಗಿದ ಮೂಳೆಯ ಕ್ಯಾಲ್ಸಿಯಂ ರಕ್ತದಲ್ಲಿ ಹೆಚ್ಚಿ ಬಾಯಾರಿಕೆ, ಮಲಬದ್ಧತೆ, ಮಂಪರು ತರುತ್ತದೆ.

ಇದು ಸಾಂಕ್ರಾಮಿಕವಲ್ಲ. ಜೊತೆಯಲ್ಲಿ ಉಣ್ಣುವುದರಿಂದಾಗಲಿ, ಆರೈಕೆ ಮಾಡುವುದರಿಂದಾಗಲಿ ಹರಡುವುದಿಲ್ಲ.

ತಡವಾಗುವುದು ಎಲ್ಲಿ

ನೋವಿಗೆ ಮೊದಲು ದೊರೆಯುವುದು ನೋವು ನಿವಾರಕ ಚುಚ್ಚುಮದ್ದು ಮತ್ತು ಮಾತ್ರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂತಹ ಔಷಧಗಳು ಮೈಲೋಮಾ ಇರುವವರ ಮೂತ್ರಪಿಂಡಕ್ಕೆ ನೇರವಾಗಿ ಹಾನಿ ಮಾಡುತ್ತವೆ. ತಿಂಗಳುಗಟ್ಟಲೆ ಇವನ್ನು ನುಂಗಿದ ಬಳಿಕ ಡಯಾಲಿಸಿಸ್ ಹಂತದಲ್ಲಿ ರೋಗ ಬೆಳಕಿಗೆ ಬರುವುದುಂಟು. ಎರಡನೆಯದು, ಎಣ್ಣೆ ಹಾಕಿ ತಿಕ್ಕಿಸುವುದು, ಬೆನ್ನು ತುಳಿಸುವುದು. ಟೊಳ್ಳಾದ ಬೆನ್ನುಮೂಳೆಗೆ ಇದಕ್ಕಿಂತ ಅಪಾಯಕರವಾದುದು ಇಲ್ಲ. ಮೂರನೆಯದು, ಎಕ್ಸ್‌-ರೇಯಲ್ಲಿ ಕುಸಿದ ಮೂಳೆಯನ್ನು ಕಂಡು ಮೂಳೆಯ ಕ್ಷಯವೆಂದು ತಿಳಿಯುವುದು. ಎರಡೂ ರೋಗಗಳಲ್ಲಿ ಇಎಸ್‌ಆರ್ ಪ್ರಮಾಣ ಏರಿರುತ್ತದೆ. ವ್ಯತ್ಯಾಸ ತಿಳಿಯಲು ಮುಂದಿನ ಪರೀಕ್ಷೆಗಳು ಬೇಕು.

ಮೊದಲ ಸುಳಿವಿಗೆ ದುಬಾರಿ ಪರೀಕ್ಷೆ ಬೇಕಿಲ್ಲ. ಹಿಮೋಗ್ಲೋಬಿನ್, ಕ್ರಿಯಾಟಿನಿನ್, ಕ್ಯಾಲ್ಸಿಯಂ, ಇಎಸ್‌ಆರ್ ಹಾಗೂ ನೋವಿರುವ ಭಾಗದ ಎಕ್ಸ್‌-ರೇಗಳಿಗೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆ ಸಾಕು. ಶಂಕೆ ಬಲವಾದರೆ ಪ್ರೋಟೀನ್ ಎಲೆಕ್ಟ್ರೋಫೋರೆಸಿಸ್ ಎಂಬ ರಕ್ತಪರೀಕ್ಷೆ ಮತ್ತು ಮಜ್ಜೆಯ ಪರೀಕ್ಷೆಯಿಂದ ರೋಗ ಖಚಿತವಾಗುತ್ತದೆ. ಕಾಲುಗಳಲ್ಲಿ ಹಠಾತ್ತನೆ ಬಲ ಕುಂದಿದರೆ ಅಥವಾ ಮಲಮೂತ್ರದ ಹತೋಟಿ ತಪ್ಪಿದರೆ ಬೆನ್ನುಹುರಿ ಅದುಮಲ್ಪಟ್ಟಿರಬಹುದು. ಆಗ ಮರುದಿನದವರೆಗೆ ಕಾಯದೆ 108ಕ್ಕೆ ಕರೆ ಮಾಡಬೇಕು.

ಚಿಕಿತ್ಸೆ

ಮೈಲೋಮಾ ಸಾಮಾನ್ಯವಾಗಿ ಸಂಪೂರ್ಣ ಗುಣವಾಗುವ ರೋಗವಲ್ಲ. ಆದರೆ ಹಲವು ವರ್ಷ ಹತೋಟಿಯಲ್ಲಿಡಬಹುದಾದ ರೋಗ. ಈ ಬದಲಾವಣೆ ಬಂದುದು ಕಳೆದ ಕಾಲು ಶತಮಾನದಲ್ಲಿ. ಗರ್ಭಿಣಿಯರಿಗೆ ಕೊಟ್ಟು ಸಾವಿರಾರು ಶಿಶುಗಳ ಅಂಗವೈಕಲ್ಯಕ್ಕೆ ಕಾರಣವಾಗಿ 1961ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆಯಲ್ಪಟ್ಟ ಥಾಲಿಡೊಮೈಡ್ ಎಂಬ ಔಷಧ ಮೈಲೋಮಾದಲ್ಲಿ ಫಲಕಾರಿ ಎಂಬುದು 1999ರಲ್ಲಿ ಪ್ರಕಟವಾಯಿತು. ಅದರ ಸುಧಾರಿತ ರೂಪ ಲೆನಾಲಿಡೊಮೈಡ್ ಕ್ಯಾಪ್ಸೂಲ್, ಚರ್ಮದಡಿ ಕೊಡುವ ಬಾರ್ಟಿಜೊಮಿಬ್ ಚುಚ್ಚುಮದ್ದು ಮತ್ತು ಡೆಕ್ಸಾಮೆಥಾಸೋನ್ ಮಾತ್ರೆ, ಈ ಮೂರರ ಸಂಯೋಜನೆ ಇಂದು ವ್ಯಾಪಕವಾಗಿ ಬಳಕೆಯಲ್ಲಿದೆ. ಇವುಗಳ ಜೆನೆರಿಕ್ ರೂಪಗಳು ಭಾರತದಲ್ಲಿಯೇ ತಯಾರಾಗುತ್ತವೆ. ಮೂಳೆ ಗಟ್ಟಿಯಾಗಲು ಜೊಲೆಡ್ರೋನಿಕ್ ಆಮ್ಲವನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ಅದಕ್ಕೂ ಮುನ್ನ ಹಲ್ಲಿನ ತಪಾಸಣೆ ಆಗಬೇಕು.

ಕೆಲವು ತಿಂಗಳ ಚಿಕಿತ್ಸೆಯ ನಂತರ, ದೇಹ ತಾಳಿಕೊಳ್ಳುವಂತಿದ್ದರೆ, ಮಜ್ಜೆ ಕಸಿ ಮಾಡಲಾಗುತ್ತದೆ. ಹೆಸರು ಕೇಳಿ ಅನೇಕರು ಶಸ್ತ್ರಚಿಕಿತ್ಸೆಯೆಂದು ಹೆದರುತ್ತಾರೆ, ದಾನಿಯನ್ನು ಹುಡುಕತೊಡಗುತ್ತಾರೆ. ಎರಡೂ ಅನಗತ್ಯ. ರೋಗಿಯದೇ ಆಕರಕೋಶಗಳನ್ನು ರಕ್ತದಿಂದ ಬೇರ್ಪಡಿಸಿ ಇಟ್ಟುಕೊಂಡು, ಮೆಲ್ಫಲಾನ್ ಎಂಬ ಔಷಧವನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟ ಬಳಿಕ ರಕ್ತ ಕೊಡುವಂತೆಯೇ ಹಿಂದಿರುಗಿಸುತ್ತಾರೆ. ಎರಡು-ಮೂರು ವಾರಗಳ ಆಸ್ಪತ್ರೆವಾಸ ಬೇಕಾಗುತ್ತದೆ.

ಚಿಕಿತ್ಸೆ ಮುರಿಯುವುದು ಹೆಚ್ಚಾಗಿ ಎರಡು-ಮೂರು ತಿಂಗಳ ಹೊತ್ತಿಗೆ. ನೋವು ಇಳಿಯುತ್ತದೆ, ರೋಗಿ ನಡೆದಾಡುತ್ತಾನೆ, ಬಿತ್ತನೆ ಕಾಲವೂ ಬಂದಿರುತ್ತದೆ. ಇನ್ನು ಔಷಧವೇಕೆ ಎಂದು ಮನೆಯವರು ನಿಲ್ಲಿಸುತ್ತಾರೆ. ಉಳಿದ ಕೋಶಗಳು ಮತ್ತೆ ಬೆಳೆಯುತ್ತವೆ. ಆಶಾ ಕಾರ್ಯಕರ್ತೆಯ ಒಂದು ಭೇಟಿ ಇಲ್ಲಿ ಬಹಳ ಉಪಕಾರಿ. ಪಾದಗಳು ಮರಗಟ್ಟುವುದು, ಜ್ವರ, ಕಾಲು ಊದಿಕೊಳ್ಳುವುದು ಇವನ್ನು ಆಸ್ಪತ್ರೆಗೆ ತಿಳಿಸುವಂತೆ ಹೇಳಬೇಕು. ಪಾದ ಮರಗಟ್ಟಿದವರು ಬರಿಗಾಲಿನಲ್ಲಿ ಹೊಲಕ್ಕಿಳಿಯಬಾರದು, ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ.

ವೆಚ್ಚದ ಕುರಿತು: ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಸೌಲಭ್ಯವಿದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, 1.5 ಲಕ್ಷ ರೂ. ಮಿತಿಯಲ್ಲಿ ದೊರೆಯುತ್ತದೆ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವಿಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ದಾಖಲಾದವರು ಮುಂದೆ ಪರದಾಡುವುದರಿಂದ, ಪತ್ರ ಮತ್ತು ಪಡಿತರ ಚೀಟಿಯನ್ನು ಮೊದಲೇ ಸರಿಪಡಿಸಿಕೊಡುವುದು ಸದಸ್ಯರಿಂದ ಆಗಬಹುದಾದ ಕೆಲಸ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ಸರ್ಕಾರಿ ವಲಯದ ಪ್ರಮುಖ ಕೇಂದ್ರ. ಕಲಬುರಗಿಯಲ್ಲಿ ಅದರ ಶಾಖಾ ಕೇಂದ್ರವಿದೆ. ಆಸ್ಪತ್ರೆ ನೀಡುವ ಪ್ರಮಾಣಪತ್ರದ ಮೇಲೆ ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ರೈಲು ಪ್ರಯಾಣದಲ್ಲಿ ರಿಯಾಯಿತಿ ಸಿಗುತ್ತದೆ.

ಕೊನೆಯದಾಗಿ ಮನೆಯಲ್ಲಿರುವ ಔಷಧ. ಥಾಲಿಡೊಮೈಡ್, ಲೆನಾಲಿಡೊಮೈಡ್ ಕ್ಯಾಪ್ಸೂಲುಗಳನ್ನು ಬಿಡಿಸಬಾರದು, ಗರ್ಭಿಣಿಯರು ಮುಟ್ಟಬಾರದು, ಅದೇ ಬಗೆಯ ನೋವಿದೆಯೆಂದು ಮತ್ತೊಬ್ಬರಿಗೆ ಕೊಡಬಾರದು. ರೋಗಿ ತೀರಿಕೊಂಡ ಅಥವಾ ಔಷಧ ಬದಲಾದ ಮನೆಗಳಲ್ಲಿ ಉಳಿದವನ್ನು ಕಸದ ವಾಹನಕ್ಕೆ ಹಾಕದೆ, ಚಿಕಿತ್ಸೆ ನೀಡಿದ ಆಸ್ಪತ್ರೆಗೆ ಮರಳಿಸಬೇಕು.