ಊರಿನ ಗಾಳಿಯೂ ಹೊಲದ ಹೊಗೆಯೂ

ತುಂಗಭದ್ರಾ ಎಡದಂಡೆ ಕಾಲುವೆಯ ನೀರಾವರಿಗೆ ಸೇರಿದ ಸಿಂಧನೂರು, ಮಸ್ಕಿ ಭಾಗಗಳಲ್ಲಿ ಮುಂಗಾರು ಭತ್ತದ ಕೊಯ್ಲು ಹೆಚ್ಚಾಗಿ ನವೆಂಬರ್–ಡಿಸೆಂಬರ್ ತಿಂಗಳುಗಳಲ್ಲಿ ನಡೆಯುತ್ತದೆ. ಎರಡನೇ ಬೆಳೆಗೆ ನೀರು ಸಿಗುವುದಾದರೆ ಕೆಲವೇ ವಾರಗಳಲ್ಲಿ ಗದ್ದೆ ಮತ್ತೆ ಸಿದ್ಧವಾಗಬೇಕು. ಕೈಯಿಂದ ಕೊಯ್ದು ಕಣದಲ್ಲಿ ಒಕ್ಕುತ್ತಿದ್ದ ಕಾಲದಲ್ಲಿ ಹುಲ್ಲು ತಾನಾಗಿಯೇ ಬಣವೆ ಸೇರುತ್ತಿತ್ತು. ಕೊಯ್ಲು ಯಂತ್ರ ಹಾಯ್ದ ಗದ್ದೆಯಲ್ಲಾದರೋ ಎತ್ತರದ ಕೂಳೆಯೂ ಅದರ ಮೇಲೆ ಚೆಲ್ಲಿದ ಹುಲ್ಲೂ ಉಳಿಯುತ್ತವೆ. ಅದನ್ನು ಒಟ್ಟುಗೂಡಿಸಲು ಆಳು ಬೇಕು, ಹಣ ಬೇಕು. ಬೆಂಕಿಕಡ್ಡಿಯೊಂದೇ ಅಗ್ಗ. ಹೀಗೆ ಹೊಲದಲ್ಲಿ ಎದ್ದ ಹೊಗೆ ಹೊಲದಲ್ಲೇ ನಿಲ್ಲುವುದಿಲ್ಲ. ಊರಿನ ಗಾಳಿಯನ್ನು ಸೇರುತ್ತದೆ.

ಊರಿನ ಗಾಳಿ ಕೆಡಲು ರೈತನೊಬ್ಬನೇ ಕಾರಣನೆಂದು ಹೇಳುವುದು ನ್ಯಾಯವಲ್ಲ. ಲಿಂಗಸುಗೂರು, ಮಸ್ಕಿ, ಸಿಂಧನೂರುಗಳ ಮೂಲಕ ಹಾಯುವ ಹೆದ್ದಾರಿಯಲ್ಲಿ ಲಾರಿಗಳು ಎಬ್ಬಿಸುವ ಧೂಳು, ಅವುಗಳ ಡೀಸೆಲ್ ಹೊಗೆ, ಅಕ್ಕಿ ಗಿರಣಿಗಳು ಉರಿಸುವ ಹೊಟ್ಟಿನ ಬೂದಿ, ರಸ್ತೆ ಬದಿಯಲ್ಲಿ ಸುಡುವ ಕಸ, ಇವೆಲ್ಲವೂ ಅದೇ ಗಾಳಿಗೆ ಬಂದು ಸೇರುತ್ತವೆ. ಹೊಟ್ಟಿನ ತೂಕದಲ್ಲಿ ಸುಮಾರು ಐದನೇ ಒಂದು ಪಾಲು ಬೂದಿಯಾಗಿ ಉಳಿಯುತ್ತದೆಂದರೆ ಗಿರಣಿಗಳ ಪಾಲೂ ಸಣ್ಣದಲ್ಲವೆಂದು ತಿಳಿಯಬಹುದು.

ಆದರೆ ಎಲ್ಲ ಧೂಳೂ ಒಂದೇ ತೆರನಲ್ಲ. ಕಣದ ಗಾತ್ರವನ್ನು ಮೈಕ್ರಾನಿನಲ್ಲಿ ಅಳೆಯುತ್ತಾರೆ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಒಂದು ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ರಸ್ತೆಯ ಧೂಳಿನಲ್ಲಿ ದಪ್ಪ ಕಣಗಳೇ ಹೆಚ್ಚು. ಅವು ಬೇಗ ನೆಲಕ್ಕಿಳಿಯುತ್ತವೆ, ಒಳಹೊಕ್ಕರೂ ಬಹುಮಟ್ಟಿಗೆ ಮೂಗು, ಗಂಟಲಿನಲ್ಲೇ ತಡೆಯಲ್ಪಡುತ್ತವೆ. ಹುಲ್ಲಿನ ಹೊಗೆಯ ಕಣಗಳು ಬಹುಪಾಲು 2.5 ಮೈಕ್ರಾನಿಗಿಂತ ಸಣ್ಣವು. ಇವು ದಿನಗಟ್ಟಲೆ ಗಾಳಿಯಲ್ಲಿ ತೇಲಬಲ್ಲವು; ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೂ ಇಳಿಯುತ್ತವೆ. ದಮ್ಮು ಇರುವವರು, ಮಕ್ಕಳು, ಹೃದಯರೋಗಿಗಳು ಮೊದಲು ಬಾಧೆಪಡುತ್ತಾರೆ. ಬೆಂಕಿಯ ಹತ್ತಿರ ನಿಂತ ರೈತನಿಗೆ ಎಲ್ಲರಿಗಿಂತ ಹೆಚ್ಚು ಹೊಗೆ.

ಈ ಸಣ್ಣ ಕಣಗಳು 24 ಗಂಟೆಗಳ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ ಮೀರಬಾರದೆಂದು ನಮ್ಮ ದೇಶದಲ್ಲಿ 2009ರಲ್ಲಿ ಮಿತಿ ಹಾಕಲಾಗಿದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ 15 ಎಂದಿತು. ಒಂದು ಟನ್ ಹುಲ್ಲು ಸುಟ್ಟರೆ ಸುಮಾರು 3 ಕಿಲೋಗ್ರಾಂ ಕಣ ಹೊರಬೀಳುತ್ತದೆಂದು ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ. ಒಂದು ಚದರ ಕಿಲೋಮೀಟರ್ ಅಗಲ, 50 ಮೀಟರ್ ಎತ್ತರದ ಗಾಳಿಯನ್ನು 60ರ ಮಟ್ಟಕ್ಕೆ ತರಲು ಇಷ್ಟೇ ಸಾಕು. ಅಂದರೆ ಒಂದು ಎಕರೆಯ ಹುಲ್ಲಿಗಿಂತಲೂ ಕಡಮೆ!

ಹಾಗಾದರೆ ಬೇಸಿಗೆಯಲ್ಲಿ ಸುಟ್ಟಾಗ ಇಷ್ಟು ಹೊಗೆ ಕಾಣುವುದಿಲ್ಲವೇಕೆ? ಬಿಸಿಲಿಗೆ ನೆಲ ಕಾದಾಗ ಅದರ ಮೇಲಿನ ಗಾಳಿ ಹಗುರಾಗಿ ಮೇಲೇರುತ್ತದೆ, ಹೊಗೆಯನ್ನೂ ಜೊತೆಗೊಯ್ದು ಚದುರಿಸುತ್ತದೆ. ಚಳಿಗಾಲದ ಸಂಜೆ ನೆಲ ಬೇಗ ತಣಿಯುತ್ತದೆ. ನೆಲದ ಹತ್ತಿರದ ಗಾಳಿ ತಂಪಾಗಿ ಭಾರವಾಗುತ್ತದೆ. ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂಡುತ್ತದೆ. ಆಗ ಹೊಗೆ ಮೇಲೇಳಲಾರದೆ ಊರ ಮೇಲೆಯೇ ಹರಡಿ ನಿಲ್ಲುತ್ತದೆ. ನಾವು ಬೆಂಕಿ ಇಡುವುದೂ ಬಹುಶಃ ಕೆಲಸ ಮುಗಿದ ಆ ಸಂಜೆಯ ಹೊತ್ತಿನಲ್ಲೇ. ಪಂಜಾಬ್, ಹರಿಯಾಣಗಳ ಹೊಗೆ ನವೆಂಬರಿನಲ್ಲಿ ದೆಹಲಿಯನ್ನು ಕವಿಯುವುದರ ಹಿಂದೆಯೂ ಇಂಥದೇ ಕಾರಣವಿದೆ. ಅಲ್ಲಿ ಪ್ರಮಾಣ ಬಹಳ ದೊಡ್ಡದು, ಅಷ್ಟೆ.

ಊರಿಗೆ ಹೊಗೆಯಾದದ್ದು ರೈತನಿಗೆ ನಷ್ಟವೂ ಹೌದು. ಒಂದು ಟನ್ ಭತ್ತದ ಹುಲ್ಲಿನಲ್ಲಿ ಸುಮಾರು 5.5 ಕಿಲೋ ಸಾರಜನಕವಿದ್ದು, ಸುಟ್ಟಾಗ ಅದು ಬಹುತೇಕ ಗಾಳಿಪಾಲಾಗುತ್ತದೆ. ಪೊಟ್ಯಾಷ್ ಬಹುಮಟ್ಟಿಗೆ ಬೂದಿಯಲ್ಲಿ ಉಳಿಯುತ್ತದೆಂಬುದು ನಿಜ. ಆ ಬೂದಿಯನ್ನು ಗಾಳಿ ಬಿಟ್ಟರೆ! ಬೆಂಕಿಯಿಂದ ಕಾಂಡಕೊರಕದ ಮರಿ ಸಾಯುತ್ತದೆಂದು ಕೆಲವರು ವಾದಿಸುತ್ತಾರೆ. ಸಾಯುತ್ತದೆ, ಜೊತೆಗೆ ಮೇಲ್ಮಣ್ಣಿನ ಉಪಕಾರಿ ಜೀವಾಣುಗಳೂ ಸಾಯುತ್ತವೆ.

ಹುಲ್ಲನ್ನು ಟ್ರ್ಯಾಕ್ಟರಿಗೆ ಜೋಡಿಸುವ ಯಂತ್ರದಿಂದ ಕಟ್ಟುಗಳಾಗಿ ಮಾಡಿಸಿ ತೆಗೆಯುವುದು ಮೊದಲ ದಾರಿ. ಮಳೆಯಾಶ್ರಿತ ಹಳ್ಳಿಗಳಲ್ಲಿ ಮೇವಿಗೆ ಬರ ಬಂದಾಗ ಇದಕ್ಕೆ ಬೆಲೆ ಬರುತ್ತದೆ. ನೆರೆಹೊರೆಯವರು ಸೇರಿ ಯಂತ್ರವನ್ನು ಬಾಡಿಗೆಗೆ ತರಿಸಿದರೆ ಖರ್ಚು ಹಗುರಾದೀತು. ಗದ್ದೆಯಲ್ಲೇ ಕೊಳೆಸುವುದಾದರೆ ಹುಲ್ಲನ್ನು ಚೂರು ಮಾಡಿ, ಎಕರೆಗೆ ಸುಮಾರು 10 ಕಿಲೋ ಯೂರಿಯಾ ಎರಚಿ, ತೇವವಿರುವಾಗ ಮಣ್ಣಿಗೆ ಸೇರಿಸಬೇಕು. ಅನಂತರ ಎರಡು–ಮೂರು ವಾರ ಕಾಯಲೇಬೇಕು. ಅವಸರದಿಂದ ನಾಟಿ ಮಾಡಿದರೆ ಹುಲ್ಲು ಕೊಳೆಸುವ ಜೀವಾಣುಗಳೇ ಸಾರಜನಕವನ್ನು ಹಿಡಿದಿಟ್ಟುಕೊಂಡು ಸಸಿ ಹಳದಿಯಾಗುತ್ತದೆ.

ಕಾಲುವೆಯ ಕೊನೆಯ ಭಾಗದವರಿಗೆ ಎರಡನೇ ಬೆಳೆಗೆ ನೀರು ದೊರೆಯದ ವರ್ಷಗಳು ಹೊಸವೇನಲ್ಲ. ಅಂಥ ವರ್ಷ ಗದ್ದೆ ಮುಂಗಾರಿನವರೆಗೂ ಖಾಲಿಯಿರುತ್ತದೆ; ಆಗ ಸುಡಲು ಅವಸರದ ನೆಪವೂ ಇಲ್ಲ. ಕೂಳೆಯನ್ನು ಹಾಗೆಯೇ ಬಿಟ್ಟು, ಮೊದಲ ಮಳೆಯ ಹದದಲ್ಲಿ ಉತ್ತು ಮಣ್ಣಿಗೆ ಸೇರಿಸಬಹುದು.