ನಳಿಗೆಯ ಬಿಗಿ, ಎರೆಭೂತದ ಒಂದು ಮೊಟ್ಟೆ

ಚಳ್ಳಕೆರೆ ಸೀಮೆಯ ನಮ್ಮ ಬಂಧುಗಳ ಮನೆಯಲ್ಲಿ ಹಳೆಯ ಜೋಡುನಳಿಗೆ ಬಂದೂಕೊಂದಿದೆ. ಚುನಾವಣೆ ಬಂದಾಗ ಅದು ಪೊಲೀಸ್ ಠಾಣೆಗೆ ಹೋಗುತ್ತದೆ, ಮುಗಿದ ಮೇಲೆ ಮನೆಗೆ ಬರುತ್ತದೆ. ಅದರ ಓಡಾಟ ಅಷ್ಟೇ. ಕಳೆದ ಸಲ ಅದನ್ನು ಒರೆಸಿ ಎಣ್ಣೆ ಹಚ್ಚುವಾಗ ನಾನೂ ಜತೆಗೆ ಕೂತಿದ್ದೆ. ಒಳಗೆ ತೋಟಾ ಇಲ್ಲವೆಂದು ಎರಡೆರಡು ಸಲ ನೋಡಿ, ನಳಿಗೆಗಳನ್ನು ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು ಕಣ್ಣಿಟ್ಟೆವು. ಬಲಗಡೆಯ ನಳಿಗೆ ತುದಿಯವರೆಗೂ ಬಹುಪಾಲು ಒಂದೇ ಸಮ. ಎಡಗಡೆಯದರಲ್ಲಿ ಬೆಳಕಿನ ಉಂಗುರಗಳು ತುದಿಯ ಹತ್ತಿರ ಒಮ್ಮೆಲೇ ಒತ್ತಾಗಿದ್ದವು. ಬುಡದಲ್ಲಿ, ಮರದ ಭಾಗ ತೆಗೆದರೆ ಮಾತ್ರ ಕಾಣುವ ಚಪ್ಪಟೆ ಜಾಗದಲ್ಲಿ, ‘ಚೋಕ್’ ಎಂಬ ಇಂಗ್ಲಿಷ್ ಮುದ್ರೆ.

ಆ ಬಿಗಿಯ ಹೆಸರೇ ಚೋಕ್. 12 ಬೋರಿನ ನಳಿಗೆಯ ಒಳವ್ಯಾಸ ಸುಮಾರು 18.5 ಮಿಲಿಮೀಟರ್. ಫುಲ್ ಚೋಕ್ ಎಂದರೆ ತುದಿಯಲ್ಲಿ ಅದಕ್ಕಿಂತ ಹೆಚ್ಚುಕಮ್ಮಿ 1 ಮಿಲಿಮೀಟರ್ ಕಿರಿದು. ಅಷ್ಟರಿಂದ ಏನಾಗುತ್ತದೆ ಅಂದರೆ, ನಮ್ಮ ಕಡೆಯ ಕುರಿರೊಪ್ಪ ನೆನಪು ಮಾಡಿಕೊಳ್ಳಿ. ಬಾಗಿಲು ಅಗಲವಿದ್ದರೆ ಕುರಿಗಳು ಹೊರಬಿದ್ದ ಕೂಡಲೇ ಚದುರುತ್ತವೆ. ಕಿರಿದಾಗಿದ್ದರೆ ಒತ್ತೊತ್ತಾಗಿ ಬಂದು ಸ್ವಲ್ಪ ದೂರ ಗುಂಪು ಬಿಡದೆ ನಡೆಯುತ್ತವೆ. ಒಂದು ತೋಟಾದಲ್ಲಿ ಸುಮಾರು 30 ಗ್ರಾಂ ಸೀಸ, 5ನೇ ನಂಬರಿನದಾದರೆ ಇನ್ನೂರಕ್ಕೂ ಹೆಚ್ಚು ಚರೆ. 40 ಗಜ ದೂರದಲ್ಲಿ 30 ಅಂಗುಲ ವ್ಯಾಸದ ವೃತ್ತ ಬರೆದು ಸುಟ್ಟರೆ, ಚೋಕ್ ಇಲ್ಲದ ನಳಿಗೆಯ ಚರೆಯಲ್ಲಿ ನೂರಕ್ಕೆ 40ರಷ್ಟು ಆ ವೃತ್ತದೊಳಗೆ ಬೀಳುತ್ತವೆ, ಫುಲ್ ಚೋಕಿನದರಲ್ಲಿ 70ರಷ್ಟು. ಇಂಗ್ಲೆಂಡಿನ ಡಬ್ಲ್ಯು.ಡಬ್ಲ್ಯು. ಗ್ರೀನರ್ 1870ರ ದಶಕದ ನಡುವೆ ಈ ಕೆಲಸವನ್ನು ಹದಕ್ಕೆ ತಂದ. ಆ ಕಾಲದ ಬಂದೂಕುಗಳ ಮೇಲೆ ‘ನಾಟ್ ಫಾರ್ ಬಾಲ್’ ಎಂಬ ಮುದ್ರೆಯೂ ಇರುತ್ತಿತ್ತು. ಬಿಗಿ ನಳಿಗೆಯಲ್ಲಿ ಇಡೀ ಗುಂಡು ಹಾಕಬೇಡಿ, ನಳಿಗೆ ಸೀಳೀತು ಎಂಬ ಎಚ್ಚರಿಕೆ ಅದು.

ಹಾಗಾದರೆ ಎರಡು ನಳಿಗೆಗೆ ಎರಡು ಬಿಗಿ ಯಾಕೆ? ಹಕ್ಕಿ ಎದ್ದಾಗ ಹತ್ತಿರವಿರುತ್ತದೆ, ಮೊದಲ ಈಡಿಗೆ ಚರೆ ಹರಡಬೇಕು. ತಪ್ಪಿದರೆ ಅಷ್ಟರಲ್ಲಿ ಅದು ದೂರವಾಗಿರುತ್ತದೆ, ಎರಡನೆಯದು ಒತ್ತಾಗಿ ಹೋಗಬೇಕು. ಈಗಿನ ಬಂದೂಕುಗಳಲ್ಲಿ ತುದಿಗೆ ತಿರುಪಿನಂತೆ ಕೂರುವ ಟ್ಯೂಬು ಬರುತ್ತದೆ. ಬೇಕಾದ ಬಿಗಿಯದನ್ನು ಹಾಕಿಕೊಳ್ಳಬಹುದು.

ಅಮೆರಿಕದಲ್ಲಿ ಕಾಡು ಟರ್ಕಿಯ ಬೇಟೆಗೆ ಹೋಗುವವರು ಈ ಟ್ಯೂಬಿನ ಆಯ್ಕೆಗೆ ದಿನಗಟ್ಟಲೆ ಕೂರುತ್ತಾರೆ. ಕಾರಣವಿದೆ. ವಸಂತದಲ್ಲಿ ಬೇಟೆಗಾರ ಮರಕ್ಕೆ ಬೆನ್ನು ಕೊಟ್ಟು, ಮೈ ಮರೆಮಾಡಿಕೊಂಡು ಕೂತು, ಹೆಣ್ಣಿನ ದನಿ ಮಾಡಿ ಗಂಡನ್ನು ಕರೆಯುತ್ತಾನೆ. ಹಕ್ಕಿ ನಡೆದುಕೊಂಡೇ ಬರುತ್ತದೆ. ಮೈಮೇಲಿನ ಗರಿಯ ದಪ್ಪಕ್ಕೆ ಚರೆ ನಾಟದೆ ಗಾಯವಷ್ಟೇ ಆದೀತೆಂದು ತಲೆ ಮತ್ತು ಕತ್ತಿಗೆ ಗುರಿಯಿಡುತ್ತಾರೆ. ಗುರಿ ಅಷ್ಟು ಸಣ್ಣದಾದ್ದರಿಂದ ಫುಲ್‌ಗಿಂತಲೂ ಬಿಗಿಯಾದ ಟ್ಯೂಬು ಹಾಕುತ್ತಾರೆ. ಬೇಟೆಗೆ ಮುಂಚೆ ಕಾಗದ ಕಟ್ಟಿ, ತಮ್ಮದೇ ತೋಟಾ ಸುಟ್ಟು, ಹತ್ತು ಅಂಗುಲದ ವೃತ್ತದಲ್ಲಿ ಬಿದ್ದ ತೂತುಗಳನ್ನು ಎಣಿಸುತ್ತಾರೆ. ಬಿಗಿ ಜಾಸ್ತಿಯಾದಷ್ಟೂ ಒಳ್ಳೆಯದು ಎಂದೇನಿಲ್ಲ. ಅತಿಯಾದರೆ ಚರೆ ಜಜ್ಜಿ ಅಡ್ಡಾದಿಡ್ಡಿ ಹಾರುತ್ತದೆ, ಉಕ್ಕಿನ ಚರೆಯಾದರೆ ನಳಿಗೆಗೇ ಕೇಡು. ಎಣಿಸಿ ನೋಡಿದ ಮೇಲೇ ತೀರ್ಮಾನ. ಹಕ್ಕಿ ನರಳದೆ ಸಾಯಲಿ ಎಂಬ ಈ ಜಾಗ್ರತೆಗೆ ನಾನು ಬೆಲೆ ಕೊಡುತ್ತೇನೆ.

ನಮ್ಮಲ್ಲಿ ಕಾಡು ಟರ್ಕಿ ಇಲ್ಲ. ಗಾತ್ರ, ನಡೆ, ಬಯಲಲ್ಲಿ ನಿಂತು ಹೆಣ್ಣಿಗಾಗಿ ಕತ್ತುಬ್ಬಿಸಿ ಮೆರೆಯುವ ಬಗೆ ಇವನ್ನೆಲ್ಲ ನೋಡಿದರೆ ಅದರ ಜಾಗದಲ್ಲಿ ನಿಲ್ಲುವುದು ಎರೆಭೂತ. ದೊರವಾಯನ ಹಕ್ಕಿ ಎಂದೂ ಕರೆಯುತ್ತಾರೆ. ಕುಲ ಬೇರೆ. ಟರ್ಕಿಗೆ ನಿಜವಾದ ದಾಯಾದಿಗಳು ನಮ್ಮ ನವಿಲು, ಗೌಜಲು. ಗಂಡು ಎರೆಭೂತ ಸುಮಾರು ಒಂದು ಮೀಟರ್ ಎತ್ತರ, 15 ಕಿಲೋವರೆಗೆ ತೂಕ. ಹಾರುವ ಹಕ್ಕಿಗಳಲ್ಲಿ ಇಷ್ಟು ಭಾರದವು ಲೋಕದಲ್ಲೇ ಕೆಲವು. ಮರವಿಲ್ಲದ ಬಯಲಲ್ಲಿ ನಡೆದು ಬರುವವನನ್ನು ಅದು ಬಹುದೂರದಿಂದ ಕಂಡು ಜಾಗ ಖಾಲಿ ಮಾಡುತ್ತದೆ. ಎತ್ತಿನ ಗಾಡಿಗೆ ಮಾತ್ರ ಅಂಜುತ್ತಿರಲಿಲ್ಲ, ಯಾಕೆಂದರೆ ಗಾಡಿ ದಿನಾ ಕಾಣುವ ವಸ್ತು. ಹಳೆಯ ಶಿಕಾರಿಗಳು ಇದನ್ನು ಬಲ್ಲವರು. ನೇರ ಹೋಗದೆ, ಹಕ್ಕಿಯ ಸುತ್ತ ಗಾಡಿಯನ್ನು ಸುತ್ತು ಸುತ್ತು ಹೊಡೆಸಿ, ಸುತ್ತನ್ನು ಸಣ್ಣದು ಮಾಡುತ್ತಾ, ಎಡನಳಿಗೆಗೆ ಎಟುಕುವ ದೂರಕ್ಕೆ ಬರುತ್ತಿದ್ದರು. ದಖನ್ನಿನಲ್ಲಿ ಒಬ್ಬ ಮಹನೀಯರು ಸಾವಿರ ಎರೆಭೂತ ಹೊಡೆದಿದ್ದರೆಂದು ಕರ್ನಲ್ ಸೈಕ್ಸ್ 19ನೇ ಶತಮಾನದಲ್ಲಿ ಬರೆದಿಟ್ಟಿದ್ದಾರೆ. ಸ್ವಾತಂತ್ರ್ಯದ ನಂತರ ಗಾಡಿಯ ಜಾಗಕ್ಕೆ ಜೀಪು ಬಂತು.

ಇಲ್ಲಿಗೆ ಬಂದಾಗಲೆಲ್ಲ ನಾನು ಮೊಟ್ಟೆಯ ಲೆಕ್ಕಕ್ಕೆ ನಿಲ್ಲುತ್ತೇನೆ. ಟರ್ಕಿ ಒಂದು ಸೂಲಿಗೆ ಹತ್ತು ಹನ್ನೆರಡು ಮೊಟ್ಟೆ ಇಡುತ್ತದೆ. ಎರೆಭೂತ ಇಡುವುದು ಒಂದೇ ಒಂದು, ಅದೂ ಬರಿನೆಲದ ಮೇಲೆ, ಹುಲ್ಲಿನ ಮರೆಯಲ್ಲಿ. ನಾಲ್ಕು ವಾರದ ಹತ್ತಿರ ತಾಯಿ ಒಬ್ಬಳೇ ಕಾವು ಕೊಡಬೇಕು. ನಾಯಿ ಬಂದರೂ ಹೋಯಿತು, ದನದ ಕಾಲು ಬಿದ್ದರೂ ಹೋಯಿತು. ಒಂದೇ ಬಂದೂಕು, ಒಂದೇ ಚೋಕ್. ಅಲ್ಲಿ ಒಂದು ಗಂಡು ಬಿದ್ದರೆ ಮರುವರ್ಷಕ್ಕೆ ಗೂಡು ತುಂಬುತ್ತದೆ. ಇಲ್ಲಿ ಒಂದು ಬಿದ್ದರೆ ವರ್ಷಗಟ್ಟಲೆ ತುಂಬುವುದಿಲ್ಲ.

ಕಳೆದ ಶತಮಾನದ ಮೊದಲ ಭಾಗದಲ್ಲಿ ಟರ್ಕಿಯೂ ಅಮೆರಿಕದ ಎಷ್ಟೋ ರಾಜ್ಯಗಳಿಂದ ಕಾಣೆಯಾಗಿತ್ತು. 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಉದ್ದ ಬಂದೂಕು ಮತ್ತು ತೋಟಾಗಳ ಮೇಲಿನ ಶೇ 11ರ ತೆರಿಗೆಯನ್ನು ವನ್ಯಜೀವಿಗಳಿಗೆಂದೇ ತೆಗೆದಿಟ್ಟಿತು. ಉಳಿದ ಕಾಡುಗಳಿಂದ ಹಕ್ಕಿಗಳನ್ನು ಬಲೆ ಹಾರಿಸಿ ಹಿಡಿದು ಖಾಲಿಯಾದ ಕಾಡುಗಳಿಗೆ ಬಿಟ್ಟರು. ಇಂದು ಅಲ್ಲಿ ಟರ್ಕಿಗಳು ಲಕ್ಷಗಟ್ಟಲೆ. ನಾವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಎರೆಭೂತವನ್ನು ಮೊದಲ ಪರಿಚ್ಛೇದಕ್ಕೆ ಸೇರಿಸಿ ಬೇಟೆ ನಿಲ್ಲಿಸಿದೆವು. ಮೊಟ್ಟೆ ಒಂದೇ ಇಡುವ ಹಕ್ಕಿಗೆ ಬೇರೆ ದಾರಿಯೇ ಇರಲಿಲ್ಲ, ಆ ಕಾಯ್ದೆ ಸರಿ. ಆದರೆ ಹಕ್ಕಿ ನಿಲ್ಲುವ ಹುಲ್ಲಿಗೆ ಯಾರು ಹಣ ಇಟ್ಟರು, ಯಾರು ಕಾವಲು ಕೂತರು?

ಕೊಲ್ಲಬೇಡ ಎಂಬ ಮಾತು ಈ ನೆಲಕ್ಕೆ ಹೊಸದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ 1892ರಲ್ಲಿ ಅವನ್ನು ಬೆಳಕಿಗೆ ತಂದರು. ತಂದೆತಾಯಿಗಳ ಮಾತು ಕೇಳಬೇಕು ಎಂಬುದರ ಪಕ್ಕದಲ್ಲೇ ಜೀವಿಗಳ ಮೇಲೆ ಕರುಣೆ ಇರಬೇಕೆಂದು ಅಲ್ಲಿ ಕೆತ್ತಿದೆ. ಅದೇ ಬೆಟ್ಟಗಳ ಸುತ್ತ ಮ್ಯಾಸಬೇಡರ ಹಟ್ಟಿಗಳಿವೆ. ಬೇಟೆ ಅವರ ಹಿರಿಯರ ಹೆಸರಿನಲ್ಲೇ ಇದೆ. ಆದರೂ ಕೋಳಿ ಸಾಕಬಾರದು, ತಿನ್ನಬಾರದು ಎಂಬ ಕಟ್ಟು ಅವರದು. ದೇವರ ಎತ್ತುಗಳಿಗೆ ನೊಗ ಹೂಡದೆ, ಮಾರದೆ, ಕಿಲಾರಿಯೊಬ್ಬ ಬಯಲಲ್ಲಿ ಮೇಯಿಸಿಕೊಂಡು ಬರುತ್ತಾನೆ. ಯಾವುದನ್ನು ಮುಟ್ಟಬೇಕು, ಯಾವುದನ್ನು ಬಿಡಬೇಕು ಎಂಬ ತಿಳಿವಳಿಕೆ ಇಲ್ಲಿ ಜನರೊಳಗೇ ಇತ್ತು, ಇದೆ. ಅದಕ್ಕೆ ಬಯಲು ಬೇಕು.

ಆ ಬಯಲೇ ಅಮೃತಮಹಲ್ ಕಾವಲು. ಮೈಸೂರು ಅರಸರು ಬೆಣ್ಣೆ ಚಾವಡಿ ಎಂಬ ತಮ್ಮ ಇಲಾಖೆಯ ದನಗಳಿಗೆಂದು ಬಿಟ್ಟ ಹುಲ್ಲುಗಾವಲುಗಳಿಗೆ ಟಿಪ್ಪು ಕಾಲದಲ್ಲಿ ಬಂದ ಹೆಸರು ಅದು. ಚಳ್ಳಕೆರೆಯ ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳಲ್ಲಿ 2008ರಿಂದ 2010ರ ನಡುವೆ ಸುಮಾರು 10,000 ಎಕರೆಯನ್ನು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೂ ಇತರರಿಗೂ ಕೊಟ್ಟರು. ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಡಿಆರ್‌ಡಿಒಗೆ 4,000ಕ್ಕೂ ಮೀರಿ. ವಿಷಯ ಹಸಿರು ನ್ಯಾಯಮಂಡಳಿಗೆ ಹೋಯಿತು. ಅಷ್ಟರಲ್ಲಿ ಗೋಡೆ ಎದ್ದಿತ್ತು. ದೇಶಕ್ಕೆ ಪ್ರಯೋಗಾಲಯ ಬೇಕು, ನಾನು ಒಪ್ಪುತ್ತೇನೆ. ಆದರೆ ಕಾಗದದಲ್ಲಿ ‘ಬಂಜರು’ ಎಂದು ಬರೆದುಕೊಳ್ಳುವ ಆ ನೆಲ ಬಂಜರಲ್ಲ. ಮಳೆ ಬಿದ್ದು ಹದಿನೈದು ದಿನಕ್ಕೆ ಅಲ್ಲಿ ಹೋಗಿ ಕೂತರೆ ಗೊತ್ತಾಗುತ್ತದೆ. ಮೊಣಕಾಲೆತ್ತರದ ಹುಲ್ಲಿನ ಬುಡದಲ್ಲಿ ಮಿಡತೆಗಳು, ಅವನ್ನು ಹೆಕ್ಕುವ ಗೌಜಲು, ಕಣ್ಣಳತೆಯಾಚೆ ಕುರಿಮಂದೆ, ಕಂಬಳಿ ಹೊದ್ದ ಕುರಿಗಾಹಿ. ಎರೆಭೂತ ತಿನ್ನುವುದೂ ಮಿಡತೆ, ಜೀರುಂಡೆ, ಹಣ್ಣು, ಕಾಳು.

ದೇಶದಲ್ಲಿ ಈಗ ಆ ಹಕ್ಕಿ ಇನ್ನೂರನ್ನೂ ಮುಟ್ಟುವುದಿಲ್ಲ, ಹೆಚ್ಚಿನವು ರಾಜಸ್ಥಾನದ ಜೈಸಲ್ಮೇರ್ ಕಡೆ. ಅಲ್ಲಿ ಅದನ್ನು ಕೊಲ್ಲುತ್ತಿರುವುದು ಚರೆಯಲ್ಲ, ವಿದ್ಯುತ್ ತಂತಿ. ಕಣ್ಣು ತಲೆಯ ಇಕ್ಕೆಲಗಳಲ್ಲಿರುವುದರಿಂದ ಎದುರಿನ ತಂತಿ ಅದಕ್ಕೆ ಸರಿಯಾಗಿ ಕಾಣದು. ಕಂಡಾಗ ಅಷ್ಟು ಭಾರದ ಮೈಯನ್ನು ತಿರುಗಿಸಿಕೊಳ್ಳಲು ಸಮಯ ಉಳಿದಿರುವುದಿಲ್ಲ. ರಾಜಸ್ಥಾನ ಮತ್ತು ಗುಜರಾತಿನ ಎರೆಭೂತದ ನೆಲೆಗಳಲ್ಲಿ ತಂತಿಗಳನ್ನು ನೆಲದಡಿಗೆ ಇಳಿಸಬೇಕೆಂದು 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 2024ರಲ್ಲಿ ಆ ಆದೇಶವನ್ನು ಮಾರ್ಪಡಿಸಿ, ಎಲ್ಲಿ ಇಳಿಸಬೇಕೆಂದು ನೋಡುವುದನ್ನು ತಜ್ಞರ ಸಮಿತಿಗೆ ಬಿಟ್ಟಿತು. ಜೈಸಲ್ಮೇರ್ ಬಳಿಯ ಕೇಂದ್ರಗಳಲ್ಲಿ ಮೊಟ್ಟೆಗಳಿಗೆ ಯಂತ್ರದಲ್ಲಿ ಕಾವು ಕೊಟ್ಟು ಮರಿ ಬೆಳೆಸುತ್ತಿದ್ದಾರೆ.

ಕರ್ನಾಟಕದಲ್ಲಿ ಈಚಿನವರೆಗೆ ಎರೆಭೂತ ಕಂಡ ಜಾಗ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳು. ಮೊಳಕಾಲ್ಮೂರಿನಿಂದ ನೇರ ಹಾರಿದರೆ ನೂರು ಕಿಲೋಮೀಟರ್ ಆಸುಪಾಸು. ಜೈಸಲ್ಮೇರಿನ ಮರಿಗಳಲ್ಲಿ ನಾಲ್ಕನ್ನು ಎಂದಾದರೂ ದಖನ್ನಿಗೆ ತಂದರೆ ಬಿಡಲು ಜಾಗ ಕೇಳುತ್ತಾರೆ. ಉಳ್ಳಾರ್ತಿ ಕಡೆ ಗೋಡೆಯ ಹೊರಗೆ ಉಳಿದ ಹುಲ್ಲನ್ನು ಈಗಲೇ ಅಳೆದು, ಉಳುಮೆಗೂ ನೀಲಗಿರಿ ನೆಡುವುದಕ್ಕೂ ಕೊಡದೆ, ಕುರಿಗಾಹಿಗಳನ್ನೇ ಕಾವಲಿಗೆ ಇಟ್ಟುಕೊಂಡರೆ ತೋರಿಸಲು ಒಂದು ಬಯಲು ಇರುತ್ತದೆ. ಬಂಧುಗಳ ಮನೆಯ ಬಂದೂಕಿಗೆ ಎಣ್ಣೆ ಹಚ್ಚಿ, ಬಟ್ಟೆ ಸುತ್ತಿ, ಮತ್ತೆ ಬೀರುವಿನಲ್ಲಿಟ್ಟೆವು.