ಗಗನಮಾರ್ಗದ ದೂರವೂ ಕಾಲವೂ

ಅಮೆರಿಕೆಯಿಂದ ಮಗನು ಹೊರಟನೆಂಬ ಸುದ್ದಿ ಬಂದರೆ, ಮಸ್ಕಿಯಲ್ಲಿ ಕಾಯಿಲೆ ಮಲಗಿದ ತಾಯಿಯು ಎಷ್ಟು ಹೊತ್ತು ದಾರಿ ಕಾಯಬೇಕು? 2021ರ ಜನವರಿ 9ರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋ ಬಿಟ್ಟ ಏರ್ ಇಂಡಿಯಾ ವಿಮಾನವು (ನಡೆಸಿದವರೆಲ್ಲರೂ ಸ್ತ್ರೀಯರು) 11ರ ಬೆಳಗಿನ ಜಾವ ಬೆಂಗಳೂರಿಗಿಳಿಯಿತು. ಹಾರಿದ್ದು ಸುಮಾರು 17 ಗಂಟೆ ಮಾತ್ರ. ಚಳಿಗಾಲದಲ್ಲಿ ಅಲ್ಲಿ ಶನಿವಾರ ರಾತ್ರಿ ಎಂಟೂವರೆಯಾದಾಗ ನಮ್ಮಲ್ಲಿ ಭಾನುವಾರ ಬೆಳಿಗ್ಗೆ ಹತ್ತು.

ನೇರದೂರ ಸುಮಾರು 14,000 ಕಿಲೋಮೀಟರು. ಭೂಗೋಳದ ಮೇಲೆ ದಾರವನ್ನು ಬಿಗಿಹಿಡಿದರೆ ಅದು ಸೈಬೀರಿಯದ ಹಿಮಪ್ರಾಂತವನ್ನು ಹಾಯುವುದು. ಆ ವಿಮಾನವಾದರೋ ಇನ್ನೂ ಬಡಗಲಿಗೆ ಸರಿದು ಉತ್ತರ ಧ್ರುವದ ಮೇಲೆಯೇ ಬಂದಿತು. ಎದುರುಗಾಳಿ ಕಡಮೆಯಿದ್ದರೆ ಸುತ್ತುದಾರಿಯೂ ಬೇಗ ಮುಗಿಯಬಲ್ಲುದು.

ಇನ್ನು ಬೆಂಗಳೂರಿನಿಂದ ಸಿಂಧನೂರಿನ ಮೇಲೆ ಲಿಂಗಸುಗೂರಿಗೆ ಹೋಗುವ ಬಸ್ಸು ಹತ್ತಿ ಮಸ್ಕಿಯಲ್ಲಿಳಿಯಲು ಎಂಟು ಗಂಟೆಯಾದರೂ ಬೇಕು. ವಿಮಾನದ ವೇಳಾಪಟ್ಟಿಯಲ್ಲಿ ಇದು ಕಾಣದು. ಹದಿನೇಳಕ್ಕೆ ಈ ಎಂಟನ್ನು ನಾವೇ ಕೂಡಿಸಿಕೊಳ್ಳಬೇಕು.